ಸೆಕೆಂಡ್ ಹ್ಯಾಂಡ್ ಜೆಟ್ ಸ್ಕೀ: ಮೀಟರ್ ಹೇಳದ ಸಂಗತಿಗಳು

ಹೊರಗೆ ಕಾಣುವ ಪ್ರೊಪೆಲ್ಲರ್ ಇಲ್ಲದೆ, ಒಡಲೊಳಗಿನ ಪಂಪಿನ ಮೂಲಕ ನೀರನ್ನು ಹೀರಿ ಹಿಂದಕ್ಕೆ ರಭಸದಿಂದ ಚಿಮ್ಮಿಸಿ ಮುನ್ನುಗ್ಗುವ ಚಿಕ್ಕ ಜಲವಾಹನವನ್ನು ಜನರು ಸಾಮಾನ್ಯವಾಗಿ ಜೆಟ್ ಸ್ಕೀ ಎನ್ನುತ್ತಾರೆ. ಇದು 1970ರ ದಶಕದ ಆರಂಭದಲ್ಲಿ ಕವಾಸಾಕಿ ಕಂಪನಿಯು ಮಾರುಕಟ್ಟೆಗೆ ತಂದ, ನಿಂತು ಓಡಿಸುವ ವಾಹನದ ಹೆಸರಾದರೂ, ಯಮಾಹಾದ ವೇವ್‌ರನ್ನರ್ ಮತ್ತು ಕೆನಡಾ ಮೂಲದ ಸೀ-ಡೂಗಳನ್ನೂ ಈಗ ಅದೇ ಹೆಸರಿನಿಂದ ಕರೆಯುವುದು ರೂಢಿಯಾಗಿದೆ. ಈ ವಾಹನಗಳ ದೊಡ್ಡ ಪೇಟೆ ಅಮೆರಿಕದ್ದು. ಅಲ್ಲಿ ಮನೆಮುಂದಿನ ಟ್ರೇಲರ್ ಮೇಲೆ ಹೊದಿಕೆ ಹೊದ್ದು ವರ್ಷದ ಬಹುಪಾಲು ನಿಂತೇ ಇರುವ ಹಳೆಯ ವಾಹನಗಳು ಬೇಸಿಗೆ ಹತ್ತಿರವಾದಂತೆ ಮಾರಾಟಕ್ಕೆ ಬರುತ್ತವೆ, ಮತ್ತು ಅವುಗಳನ್ನು ಕೊಳ್ಳುವವರಲ್ಲಿ ಅಲ್ಲಿ ನೆಲೆಸಿದ ಕನ್ನಡಿಗರೂ ಇದ್ದಾರೆ. ಇಂಥ ಕೊಡು-ಕೊಳ್ಳುವಿಕೆಗಳ ಅನುಭವದಿಂದ ಹೊರಡುವ ಮುಖ್ಯ ಪಾಠವೆಂದರೆ, ವಾಹನದ ಭರವಸೆಯನ್ನು ನಿರ್ಧರಿಸುವುದು ಅದು ಎಷ್ಟು ಓಡಿದೆ ಎಂಬ ಲೆಕ್ಕಕ್ಕಿಂತ ಹೆಚ್ಚಾಗಿ, ಅದು ಎಂಥ ನೀರಿನಲ್ಲಿ ಓಡಿತು ಮತ್ತು ಓಡಿದ ಮೇಲೆ ಅದನ್ನು ಹೇಗೆ ಇಟ್ಟುಕೊಂಡರು ಎಂಬುದು.

ಮೊದಲು ತೀರ್ಮಾನಿಸಬೇಕಾದದ್ದು ಎಂಜಿನ್ನಿನ ಬಗೆ. 2002ರಲ್ಲಿ ಯಮಾಹಾ ತನ್ನ ಎಫ್‌ಎಕ್ಸ್ 140 ಮಾದರಿಯ ಮೂಲಕ ಫೋರ್ ಸ್ಟ್ರೋಕ್ ಎಂಜಿನ್ನನ್ನು ಈ ವಾಹನಗಳಿಗೆ ತರುವವರೆಗೆ ಎಲ್ಲ ಕಂಪನಿಗಳೂ ಪೆಟ್ರೋಲಿನೊಂದಿಗೆ ಆಯಿಲನ್ನೂ ಸುಡುವ ಟೂ ಸ್ಟ್ರೋಕ್ ಎಂಜಿನ್ನನ್ನೇ ಅವಲಂಬಿಸಿದ್ದವು. ಟೂ ಸ್ಟ್ರೋಕ್ ವಾಹನ ಹಗುರ, ರಿಪೇರಿಗೆ ಸರಳ, ಬೆಲೆಯಲ್ಲಿ ಅಗ್ಗ. ಆದರೆ ಸುಡದ ಇಂಧನವನ್ನು ನೀರಿಗೆ ಬಿಡುವ ಕಾರಣಕ್ಕೆ ಕೆಲವು ಜಲಾಶಯಗಳು ಅದಕ್ಕೆ ಬಾಗಿಲು ಮುಚ್ಚಿವೆ. ಕ್ಯಾಲಿಫೋರ್ನಿಯಾ ಮತ್ತು ನೆವಾಡಾಗಳ ಗಡಿಯಲ್ಲಿರುವ ಟಾಹೋ ಸರೋವರದಲ್ಲಿ ಕಾರ್ಬ್ಯುರೇಟರ್ ಇರುವ ಟೂ ಸ್ಟ್ರೋಕ್ ಎಂಜಿನ್ನುಗಳಿಗೆ 1999ರಿಂದಲೇ ನಿಷೇಧವಿದೆ. ಆದ್ದರಿಂದ ಅಗ್ಗದ ಬೆಲೆಗೆ ಮನಸೋಲುವ ಮುನ್ನ, ವಾಹನವನ್ನು ಇಳಿಸಲು ಉದ್ದೇಶಿಸಿರುವ ನೀರಿನ ನಿಯಮವೇನು ಎಂದು ವಿಚಾರಿಸುವುದು ಕೊಳ್ಳುವವನ ಮೊದಲ ಕೆಲಸ. ಮೊದಲ ಬಾರಿ ಕೊಳ್ಳುವ ಕುಟುಂಬಕ್ಕೆ ಫೋರ್ ಸ್ಟ್ರೋಕ್ ವಾಹನವೇ ಯೋಗ್ಯ.

ಫೋರ್ ಸ್ಟ್ರೋಕ್ ವಾಹನಗಳಲ್ಲಿಯೂ ಎರಡು ವರ್ಗಗಳಿವೆ. ವಾತಾವರಣದ ಗಾಳಿಯನ್ನು ತಾನಾಗಿಯೇ ಎಳೆದುಕೊಳ್ಳುವ ಎಂಜಿನ್ ಒಂದು ಬಗೆಯದು; ಎಂಜಿನ್ನಿನ ಶಕ್ತಿಯಿಂದಲೇ ತಿರುಗಿ ಗಾಳಿಯನ್ನು ಒತ್ತಿ ಒಳತಳ್ಳುವ ಸೂಪರ್‌ಚಾರ್ಜರ್ ಎಂಬ ಸಾಧನವುಳ್ಳದ್ದು ಇನ್ನೊಂದು ಬಗೆಯದು. ಎರಡನೆಯದರಲ್ಲಿ ವೇಗ ಹೆಚ್ಚು, ಜೊತೆಗೆ ಶಾಖ, ಸವೆತ ಮತ್ತು ನಿರ್ವಹಣೆಯ ಖರ್ಚೂ ಹೆಚ್ಚು. ಸೀ-ಡೂವಿನ ಆರಂಭಿಕ ಸೂಪರ್‌ಚಾರ್ಜ್ಡ್ ಮಾದರಿಗಳಲ್ಲಿ ಈ ಸಾಧನದ ಕ್ಲಚ್ಚಿಗೆ ಸೆರಾಮಿಕ್ ವಾಷರ್‌ಗಳನ್ನು ಹಾಕಲಾಗಿತ್ತು; ಅವು ಒಡೆದರೆ ಚೂರುಗಳು ಆಯಿಲಿನೊಂದಿಗೆ ಸೇರಿ ಇಡೀ ಎಂಜಿನ್ನನ್ನೇ ಹಾಳುಮಾಡುವ ಅಪಾಯವಿದ್ದುದರಿಂದ, ಮುಂದೆ ಲೋಹದ ವಾಷರ್‌ಗಳು ಬಂದವು. ಅಂಥ ಹಳೆಯ ವಾಹನವನ್ನು ನೋಡುವಾಗ ಸೂಪರ್‌ಚಾರ್ಜರನ್ನು ಬಿಚ್ಚಿ ಹೊಸ ಭಾಗಗಳನ್ನು ಕೂರಿಸಿದ ರಸೀದಿ ಇದೆಯೇ ಎಂದು ಕೇಳಬೇಕು. ರಸೀದಿ ಇಲ್ಲದಿದ್ದರೆ ಆ ಕೆಲಸದ ಖರ್ಚನ್ನು ಬೆಲೆಯಿಂದ ಕಳೆದೇ ಮಾತಾಡಬೇಕು. ಇದಕ್ಕೆ ಪ್ರತಿಯಾಗಿ, 2005ರ ಮಾದರಿಯಾಗಿ ಬಂದ ಯಮಾಹಾ ವಿಎಕ್ಸ್ 110, ಮತ್ತು ಕವಾಸಾಕಿಯ ಎಸ್‌ಟಿಎಕ್ಸ್-15ಎಫ್ ಇವೆರಡೂ ಸೂಪರ್‌ಚಾರ್ಜರ್ ಇಲ್ಲದ, ಮೆಕ್ಯಾನಿಕ್‌ಗಳ ವಲಯದಲ್ಲಿ ಒಳ್ಳೆಯ ಹೆಸರು ಗಳಿಸಿದ ವಾಹನಗಳು.

ಎಂಜಿನ್ನನ್ನು ತಂಪಾಗಿಡುವ ವಿಧಾನವು ಕೊಳ್ಳುವವನ ಗಮನಕ್ಕೆ ಬರುವುದು ಕಡಿಮೆ, ಆದರೆ ವಾಹನದ ಆಯುಸ್ಸು ನಿಂತಿರುವುದು ಬಹುಮಟ್ಟಿಗೆ ಅದರ ಮೇಲೆಯೇ. ಯಮಾಹಾ ಮತ್ತು ಕವಾಸಾಕಿ ವಾಹನಗಳಲ್ಲಿ ಸರೋವರದ ಅಥವಾ ಸಮುದ್ರದ ನೀರೇ ನೇರವಾಗಿ ಎಂಜಿನ್ನಿನೊಳಗೆ ಹರಿದು ಹೊರಹೋಗುತ್ತದೆ. ಇದು ತೆರೆದ ವ್ಯವಸ್ಥೆ. ಸೀ-ಡೂವಿನ ಫೋರ್ ಸ್ಟ್ರೋಕ್ ವಾಹನಗಳಲ್ಲಿ ಕಾರಿನಲ್ಲಿರುವಂತೆ ಕೂಲೆಂಟ್ ದ್ರವವು ಎಂಜಿನ್ನಿನೊಳಗೆ ಸುತ್ತುತ್ತ, ತಳದ ಲೋಹದ ತಟ್ಟೆಯ ಮೂಲಕ ಹೊರಗಿನ ನೀರಿಗೆ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಇದು ಮುಚ್ಚಿದ ವ್ಯವಸ್ಥೆ. ತೆರೆದ ವ್ಯವಸ್ಥೆಯ ವಾಹನ ಸಮುದ್ರದಲ್ಲಿ ಓಡಿ ಬಂದ ಮೇಲೆ ಸಿಹಿನೀರಿನಿಂದ ತೊಳೆಯದೆ ಬಿಟ್ಟರೆ ಉಪ್ಪು ಒಳಗೆ ಗಟ್ಟಿಕಟ್ಟಿ ನೀರಿನ ದಾರಿಯನ್ನು ಮುಚ್ಚುತ್ತದೆ. ಹಿಮ ಬೀಳುವ ಉತ್ತರದ ರಾಜ್ಯಗಳಲ್ಲಿ ಅಪಾಯ ಬೇರೆ ರೂಪದ್ದು: ಚಳಿಗಾಲಕ್ಕೆ ಮುನ್ನ ಒಳಗಿನ ನೀರನ್ನು ಪೂರ್ತಿ ಹೊರತೆಗೆಯದಿದ್ದರೆ ಅದು ಹೆಪ್ಪುಗಟ್ಟಿ ಹಿಗ್ಗಿ ಎಂಜಿನ್ನಿನ ಬ್ಲಾಕನ್ನೇ ಸೀಳಬಹುದು. ಮುಚ್ಚಿದ ವ್ಯವಸ್ಥೆಯಲ್ಲಿ ಬ್ಲಾಕಿಗೆ ಈ ಭಯ ಕಡಿಮೆಯಾದರೂ ಹೊಗೆಕೊಳವೆಯ ಭಾಗದಲ್ಲಿ ನಿಂತ ನೀರಿನಿಂದ ಹಾನಿ ತಪ್ಪಿದ್ದಲ್ಲ. ಸಿಹಿನೀರಿನಲ್ಲಷ್ಟೇ ಓಡಿದ ವಾಹನಕ್ಕೆ ಪೇಟೆಯಲ್ಲಿ ಹೆಚ್ಚು ಬೆಲೆ ಬರುವುದು ಉಪ್ಪಿನ ಈ ಕಾಟ ಅದಕ್ಕಿಲ್ಲದ ಕಾರಣದಿಂದ.

ತೊಳೆಯುವ ಕ್ರಮದ ಬಗ್ಗೆ ಕೇಳುವ ಒಂದು ಪ್ರಶ್ನೆಯಿಂದ ಮಾಲೀಕನ ತಿಳಿವಳಿಕೆ ಎಷ್ಟೆಂಬುದು ಗೊತ್ತಾಗುತ್ತದೆ. ಗಾರ್ಡನ್ ಪೈಪ್ ಜೋಡಿಸಿದ ಮೇಲೆ ಮೊದಲು ಎಂಜಿನ್ ಚಾಲೂ ಮಾಡಿ ಆಮೇಲೆ ನಲ್ಲಿ ತಿರುಗಿಸಬೇಕು. ನಿಲ್ಲಿಸುವಾಗ ಮೊದಲು ನಲ್ಲಿ ಮುಚ್ಚಿ ಆಮೇಲೆ ಎಂಜಿನ್ ಆರಿಸಬೇಕು. ಎಂಜಿನ್ ನಿಂತಿರುವಾಗ ನೀರು ಬಿಟ್ಟರೆ ಅದನ್ನು ಹೊರದೂಡುವ ಹೊಗೆಯ ಒತ್ತಡ ಇಲ್ಲದ ಕಾರಣ ನೀರು ಹಿಂದಕ್ಕೆ ಸರಿದು ಸಿಲಿಂಡರಿನೊಳಗೆ ಸೇರಬಹುದು. ಈ ಕ್ರಮವನ್ನು ತಡವರಿಸದೆ ಹೇಳುವ ಮಾಲೀಕನು ವಾಹನವನ್ನು ಕಾಳಜಿಯಿಂದ ನೋಡಿಕೊಂಡಿರುವ ಸಾಧ್ಯತೆ ಹೆಚ್ಚು. ಉಲ್ಟಾ ಹೇಳುವವನ ವಾಹನವನ್ನು ಇನ್ನಷ್ಟು ಎಚ್ಚರದಿಂದ ಪರೀಕ್ಷಿಸುವುದು ಒಳ್ಳೆಯದು.

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೈಬಣ್ಣಕ್ಕೆ ಮರುಳಾಗದೆ ಬಾಯಿ ಬಿಡಿಸಿ ಹಲ್ಲು ನೋಡುವಂತೆ, ಇಲ್ಲಿಯೂ ಬಣ್ಣದ ಹೊಳಪನ್ನು ಬದಿಗಿಟ್ಟು ಸೀಟು ಎತ್ತಿಯೇ ಪರೀಕ್ಷೆ ಆರಂಭಿಸಬೇಕು. ಎಂಜಿನ್ ತಣ್ಣಗಿರುವುದು ಮುಖ್ಯ. ಮುಟ್ಟಿದಾಗ ಬೆಚ್ಚಗಿದ್ದರೆ, ತಣ್ಣಗಿನ ಎಂಜಿನ್ ಚಾಲೂ ಆಗಲು ಪಡುವ ಕಷ್ಟ ಕಾಣದಿರಲೆಂದು ಮೊದಲೇ ಓಡಿಸಿರುವ ಸಂಭವವಿದೆ. ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿದಾಗ ಆಯಿಲು ಬೆಳ್ಳಗೆ ಕಲಕಿ ನೊರೆಗಟ್ಟಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ, ಮತ್ತು ಅಂಥ ವಾಹನದ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ಬೋಲ್ಟು, ಕ್ಲಾಂಪು, ವೈರಿನ ತುದಿಗಳ ಮೇಲೆ ಬಿಳಿ ಹಸಿರು ಪುಡಿ ಕಂಡರೆ ಉಪ್ಪುನೀರು ಒಳಗೆ ನಿಂತಿತ್ತೆಂದು ತಿಳಿಯಬೇಕು. ಪಂಪಿನ ದಂಡವು ಒಡಲೊಳಗೆ ಪ್ರವೇಶಿಸುವ ಕಡೆ ನೀರನ್ನು ತಡೆಯುವ ಕಾರ್ಬನ್ ಸೀಲ್ ಇರುವ ಮಾದರಿಗಳಲ್ಲಿ, ಆ ಜಾಗಕ್ಕೆ ನೇರವಾಗಿ ಒಳಗೋಡೆಯ ಮೇಲೆ ಕಪ್ಪು ಪುಡಿಯ ಗೆರೆ ಬಿದ್ದಿದ್ದರೆ ಸೀಲು ಸವೆಯುತ್ತಿದೆ ಎಂಬುದಕ್ಕೆ ಅದೇ ಗುರುತು. ಎಲ್ಲೆಡೆ ಧೂಳಿದ್ದು ಎಂಜಿನ್ ಮಾತ್ರ ಹೊಸದಾಗಿ ತೊಳೆದು ಸ್ಪ್ರೇ ಹೊಡೆದಂತಿದ್ದರೆ ಕಾರಣ ಕೇಳಬೇಕು.

ಮುಂದಿನದು ಕಂಪ್ರೆಷನ್ ಪರೀಕ್ಷೆ. ಸ್ಪಾರ್ಕ್ ಪ್ಲಗ್ ತೆಗೆದು ಆ ಜಾಗದಲ್ಲಿ ಮಾಪಕವನ್ನು ಕೂರಿಸಿ, ಎಂಜಿನ್ನನ್ನು ಸ್ಟಾರ್ಟರಿನಿಂದ ತಿರುಗಿಸಿ, ಸಿಲಿಂಡರಿನಲ್ಲಿ ಎಷ್ಟು ಒತ್ತಡ ಉಂಟಾಗುತ್ತದೆ ಎಂದು ಅಳೆಯುವುದೇ ಈ ಪರೀಕ್ಷೆ. ಬರುವ ಅಂಕಿ ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ಸಿಲಿಂಡರುಗಳ ನಡುವಿನ ಅಂತರವನ್ನು ಗಮನಿಸುವುದು ಹೆಚ್ಚು ಉಪಯುಕ್ತ. ಒಂದಕ್ಕೂ ಇನ್ನೊಂದಕ್ಕೂ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸವೆದಿರುವ ಶಂಕೆ ಬರುತ್ತದೆ. ಅದೇ ಹೊತ್ತಿಗೆ ತೆಗೆದ ಪ್ಲಗ್ಗುಗಳ ಮೇಲೆ ತುಕ್ಕು ಕಂಡರೆ ವಾಹನ ಎಂದೋ ಮಗುಚಿ ಅಥವಾ ಮುಳುಗಿ ನೀರು ಕುಡಿದಿದೆಯೇ ಎಂದು ನೇರವಾಗಿಯೇ ಕೇಳಬೇಕು.

ಪಂಪಿನ ಭಾಗವನ್ನು ನೋಡಲು ನೆಲಕ್ಕೆ ಬಾಗಿ, ತಳದ ಜಾಲರಿಯ ಮೂಲಕ ಟಾರ್ಚ್ ಬಿಡಬೇಕಾಗುತ್ತದೆ. ನೀರನ್ನು ತಳ್ಳುವ ರೆಕ್ಕೆಗಳುಳ್ಳ ಚಕ್ರವನ್ನು ಇಂಪೆಲ್ಲರ್ ಎಂದೂ, ಅದರ ಸುತ್ತ ಬಿಗಿಯಾಗಿ ಕೂತಿರುವ ಬಳೆಯನ್ನು ವೇರ್ ರಿಂಗ್ ಎಂದೂ ಕರೆಯುತ್ತಾರೆ. ಇವೆರಡರ ನಡುವಿನ ಸಂದು ಒಂದು ಮಿಲಿಮೀಟರಿಗಿಂತ ಕಡಿಮೆ ಇರಬೇಕು. ಆಳವಿಲ್ಲದ ದಡದಲ್ಲಿ ಗಾಡಿ ಹತ್ತಿಸಿದವರು ಪಂಪಿಗೆ ಮರಳು, ಕಲ್ಲು ಎಳೆಸಿರುತ್ತಾರೆ. ಆಗ ರೆಕ್ಕೆಯ ಅಂಚಿನಲ್ಲಿ ಕಚ್ಚುಗಳೂ ಬಳೆಯ ಒಳಮೈಯಲ್ಲಿ ಉಗುರಿಗೆ ಸಿಗುವ ಗೀರುಗಳೂ ಕಾಣುತ್ತವೆ. ಸಂದು ಹೆಚ್ಚಾದಾಗ ನೀರಿನೊಳಗೆ ಗುಳ್ಳೆಗಳು ಎದ್ದು ರೆಕ್ಕೆಗೆ ಹಿಡಿತ ತಪ್ಪುವ ಕ್ಯಾವಿಟೇಶನ್ ಎಂಬ ತೊಂದರೆ ಉಂಟಾಗುತ್ತದೆ. ಎಂಜಿನ್ನಿನ ಸದ್ದು ಏರುತ್ತದೆ, ವಾಹನ ಮಾತ್ರ ಮುಂದೆ ಹೋಗುವುದಿಲ್ಲ. ಪ್ಲಾಸ್ಟಿಕ್ ವೇರ್ ರಿಂಗ್ ಬದಲಿಸುವುದು ದೊಡ್ಡ ಖರ್ಚಲ್ಲವಾದ್ದರಿಂದ ಇದೊಂದೇ ದೋಷವಿದ್ದರೆ ವಾಹನವನ್ನು ಬಿಡಬೇಕಾಗಿಲ್ಲ, ಬೆಲೆ ಇಳಿಸಿದರೆ ಸಾಕು.

ಈ ವಾಹನಗಳಲ್ಲಿ ಓಟದ ಲೆಕ್ಕ ಕಿಲೋಮೀಟರಿನಲ್ಲಿರದೆ ಗಂಟೆಗಳಲ್ಲಿರುತ್ತದೆ, ಮತ್ತು ಜಾಹೀರಾತಿನಲ್ಲಿ ಎಲ್ಲಕ್ಕೂ ಮೊದಲು ಬರೆಯುವುದು ಅದನ್ನೇ. ಹತ್ತು ವರ್ಷದ ವಾಹನ 40 ಗಂಟೆ ಮಾತ್ರ ಓಡಿದೆ ಎಂಬ ಮಾತು ಕೇಳಲು ಚೆನ್ನ. ಆದರೆ ಅದು ಎಷ್ಟೋ ಋತುಗಳಲ್ಲಿ ಕದಲದೆ ನಿಂತಿತ್ತು ಎಂಬ ಅರ್ಥವೂ ಅದರಲ್ಲಿ ಅಡಗಿದೆ. ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿ ಟ್ಯಾಂಕಿನಲ್ಲಿ ಕೆಡುತ್ತದೆ, ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ, ರಬ್ಬರ್ ಪೈಪು ಬಿರಿಯುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ವರ್ಷವರ್ಷವೂ ಆಯಿಲ್ ಬದಲಿಸಿ, ಚಳಿಗಾಲಕ್ಕೆ ಸಿದ್ಧಗೊಳಿಸಿ, ಆ ರಸೀದಿಗಳನ್ನು ಜೋಡಿಸಿಟ್ಟುಕೊಂಡು 200 ಗಂಟೆ ಓಡಿಸಿದ ವಾಹನವು ಇದಕ್ಕಿಂತ ನಂಬಿಕೆಗೆ ಅರ್ಹ. ಬಾಡಿಗೆಗೆ ಓಡಿದವುಗಳ ವಿಷಯ ಬೇರೆ: ಮಲ್ಪೆ, ಮುರುಡೇಶ್ವರದಂಥ ಕಡಲತೀರಗಳಲ್ಲಿ ಪ್ರವಾಸಿಗರನ್ನು ಕೆಲವು ನಿಮಿಷ ಸುತ್ತಾಡಿಸಿ ಬರುವ ವಾಹನಗಳಿಗೆ ಗಂಟೆಗಳ ಜೊತೆಗೆ ಉಪ್ಪಿನ ಹೊಡೆತವೂ ಸೇರಿರುವುದರಿಂದ, ಸಂಜೆ ತೊಳೆಯುವ ಪದ್ಧತಿ ಇತ್ತೇ ಎಂಬುದು ಇಲ್ಲಿಯೂ ಅಷ್ಟೇ ಮುಖ್ಯ. ಮೀಟರಿನ ಅಂಕಿಯ ಮೇಲೆ ಅನುಮಾನವಿದ್ದರೆ ಡೀಲರ್ ಅಥವಾ ತಿಳಿದ ಮೆಕ್ಯಾನಿಕ್ ತಮ್ಮ ಸಾಫ್ಟ್‌ವೇರ್ ಜೋಡಿಸಿ ಎಂಜಿನ್ನಿನ ಕಂಪ್ಯೂಟರಿನಲ್ಲಿ ದಾಖಲಾದ ಗಂಟೆಗಳನ್ನೂ ದೋಷಸಂಕೇತಗಳನ್ನೂ ಓದಬಲ್ಲರು.

ಕಾಗದಪತ್ರಗಳ ಪರಿಶೀಲನೆಗೆ ಹೆಚ್ಚು ಹೊತ್ತು ಬೇಕಾಗಿಲ್ಲ, ಆದರೆ ಬಿಡುವಂತಿಲ್ಲ. ಅಮೆರಿಕದಲ್ಲಿ ಪ್ರತಿ ವಾಹನದ ಹಿಂಭಾಗದಲ್ಲಿ 12 ಅಕ್ಷರ ಮತ್ತು ಅಂಕಿಗಳ ಒಡಲ ಗುರುತುಸಂಖ್ಯೆ ಇರುತ್ತದೆ. ಅದರ ಕೊನೆಯ ಎರಡು ಅಂಕಿ ಮಾದರಿಯ ವರ್ಷವನ್ನು ಹೇಳುತ್ತವೆ. ಅದು ನೋಂದಣಿ ಪತ್ರದೊಂದಿಗೆ ತಾಳೆಯಾಗಬೇಕು, ಕೆರೆದ ಗುರುತು ಇರಬಾರದು, ವಾಹನದ ಮೇಲೆ ಸಾಲ ಬಾಕಿ ಇರಬಾರದು. ಟ್ರೇಲರಿನ ಕಾಗದ ಬೇರೆಯೇ ಇರಬಹುದೆಂಬುದನ್ನೂ ನೆನಪಿಡಬೇಕು. ಕೀಲಿಗೆ ಎಲೆಕ್ಟ್ರಾನಿಕ್ ಗುರುತು ಇರುವ ಮಾದರಿಗಳಲ್ಲಿ ಎರಡೂ ಕೀಲಿಗಳು ಕೈಗೆ ಬರಬೇಕು. ಇಲ್ಲದಿದ್ದರೆ ಇನ್ನೊಂದನ್ನು ಮಾಡಿಸಲು ಡೀಲರ್ ಬಳಿಗೇ ಹೋಗಬೇಕಾಗುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಕೊನೆಯ ಮಾತು ನೀರಿನದೇ. ದಡದ ಮೇಲೆ ಕ್ಷಣಕಾಲ ಗುಡುಗಿದ ಎಂಜಿನ್ ಏನನ್ನೂ ಸಾಬೀತುಪಡಿಸುವುದಿಲ್ಲ. ನೀರಿಲ್ಲದೆ ಹೆಚ್ಚು ಹೊತ್ತು ಓಡಿಸಿದರೆ ಸೀಲು ಮತ್ತು ಹೊಗೆಕೊಳವೆಯ ರಬ್ಬರ್ ಸುಡುವುದಷ್ಟೇ ಲಾಭ. ನೀರಿಗಿಳಿಸಿ, ಲೈಫ್ ಜಾಕೆಟ್ ತೊಟ್ಟು, ಬಿದ್ದರೆ ಎಂಜಿನ್ ಆರಿಸುವ ಹಗ್ಗವನ್ನು ಮೈಗೆ ಕಟ್ಟಿಕೊಂಡು, ಹತ್ತಿಪ್ಪತ್ತು ನಿಮಿಷ ಓಡಿಸಬೇಕು. ನಿಂತಲ್ಲಿಂದ ವೇಗ ಹಿಡಿಯುವಾಗ ಜಾರುತ್ತದೆಯೇ, ಪೂರ್ಣ ವೇಗದಲ್ಲಿ ಆ ಮಾದರಿಗೆ ಹೇಳಿದಷ್ಟು ಆರ್‌ಪಿಎಂ ಮುಟ್ಟುತ್ತದೆಯೇ, ರಿವರ್ಸ್ ಸರಿಯಾಗಿ ಹಿಡಿಯುತ್ತದೆಯೇ, ಬಿಸಿಯ ಎಚ್ಚರಿಕೆ ಸದ್ದು ಬರುತ್ತದೆಯೇ ಎಂದು ನೋಡಿ, ಮರಳಿದ ಕೂಡಲೇ ಸೀಟು ಎತ್ತಿ ಒಡಲ ತಳದಲ್ಲಿ ಎಷ್ಟು ನೀರು ಸೇರಿದೆ ಎಂದು ಪರೀಕ್ಷಿಸಬೇಕು. ಸೂಪರ್‌ಚಾರ್ಜರ್ ಇಲ್ಲದ, ಸಿಹಿನೀರಿನಲ್ಲಿ ಓಡಿದ, ರಸೀದಿಗಳಿರುವ ಫೋರ್ ಸ್ಟ್ರೋಕ್ ವಾಹನ ಈ ಪರೀಕ್ಷೆಯಲ್ಲಿ ಗೆದ್ದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಕೊಳ್ಳಬಹುದು. ನೀರಿಗಿಳಿಸಿ ತೋರಿಸಲು ಮಾರುವವನು ಒಪ್ಪದಿದ್ದರೆ, ಬೆಲೆ ಎಷ್ಟೇ ಅಗ್ಗವಾಗಿರಲಿ, ಮುಂಗಡ ಕೊಡದೆ ಹಿಂದಿರುಗುವುದೇ ಸರಿ.