ಟ್ರ್ಯಾಕ್ಟರ್ ಹೀಟ್ ಆಗ್ತಿದೆಯಾ? ಈ ಕ್ರಮದಲ್ಲಿ ನೋಡಿ

ಉಳುಮೆ ನಡುವೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೆ ರೋಟವೇಟರ್ ಎತ್ತಿ, ಪಿಟಿಒ ಬಿಡಿಸಿ, ಎಂಜಿನ್ ಎರಡು-ಮೂರು ನಿಮಿಷ ಸ್ಲೋನಲ್ಲಿ ಓಡಲಿ. ಆವಿ ಬರ್ತಿದ್ರೆ ಮಾತ್ರ ತಕ್ಷಣ ಆಫ್ ಮಾಡಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ, ಕುದಿಯೋ ನೀರು ಮುಖಕ್ಕೆ ಚಿಮ್ಮುತ್ತೆ. ಎಂಜಿನ್ ಮೇಲೆ ತಣ್ಣೀರು ಸುರಿದರೆ ಬ್ಲಾಕ್ ಸೀಳಬಹುದು.

ಪೂರ್ತಿ ತಣ್ಣಗಾದ ಮೇಲೆ, ಖರ್ಚಿಲ್ಲದ ಕೆಲಸದಿಂದ ಶುರು ಮಾಡಿ:

1. ಜಾಲರಿ: ರೇಡಿಯೇಟರ್‌ಗೆ ಹೊಟ್ಟು, ಧೂಳು ಕಟ್ಟಿದ್ರೆ ಫ್ಯಾನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆಯಿರಿ. ಜೋರಾಗಿ ಬೇಡ, ರೆಕ್ಕೆಗಳು ಮಡಚುತ್ತವೆ.

2. ಕೂಲೆಂಟ್: ಕಡಿಮೆಯಾಗಿದ್ರೆ ಹೋಸ್, ವಾಟರ್ ಪಂಪ್ ಹತ್ತಿರ ಸೋರಿಕೆ ಹುಡುಕಿ. ಬೋರ್‌ವೆಲ್ ಗಡಸು ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತೆ.

3. ಫ್ಯಾನ್ ಬೆಲ್ಟ್: ಮಧ್ಯದಲ್ಲಿ ಹೆಬ್ಬೆರಳಿಂದ ಒತ್ತಿ. ಸಾಮಾನ್ಯವಾಗಿ 10–15 ಮಿ.ಮೀ. ತಗ್ಗಬೇಕು. ಅದಕ್ಕಿಂತ ಸಡಿಲ ಇದ್ರೆ ಬಿಗಿ ಮಾಡಿ, ಬಿರುಕು ಬಿಟ್ಟಿದ್ರೆ ಬದಲಿಸಿ.

4. ಥರ್ಮೋಸ್ಟಾಟ್: ಮತ್ತೆ ಓಡಿಸಿದಾಗ ಎಂಜಿನ್ ಕಾದರೂ ಮೇಲಿನ ಹೋಸ್ ತಣ್ಣಗೇ ಇದ್ರೆ ಇದರ ಮೇಲೆ ಅನುಮಾನ. ಕಿತ್ತು ಬಿಸಾಕಬೇಡಿ, ಹೊಸದು ಹಾಕಿಸಿ.

ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದಂಥ ಬಣ್ಣ ಕಂಡರೆ ಆಯಿಲ್‌ಗೆ ನೀರು ಸೇರಿದೆ ಅಂತ ಅರ್ಥ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ ಕರೆಸಿ. ಬಿತ್ತನೆ ಒಂದು ದಿನ ತಡವಾದರೂ ಎಂಜಿನ್ ಉಳಿಯುತ್ತೆ.