ಪೀಳಿಗೆ ಬದಲಾದಾಗ ದಾಸ್ತಾನಿನ ಮೌಲ್ಯ

ಜಪಾನಿನ ಸೆಗಾ ಕಂಪನಿಯು ಸ್ಯಾಟರ್ನ್ ವಿಡಿಯೊ ಗೇಮ್ ಯಂತ್ರದ ನಂತರದ ಪೀಳಿಗೆಯಾಗಿ 1998ರಲ್ಲಿ ಡ್ರೀಮ್‌ಕಾಸ್ಟನ್ನು ಹೊರತಂದಿತು. 1999ರಲ್ಲಿ ಅಮೆರಿಕದಲ್ಲಿ ಅದರ ಬೆಲೆ 199 ಡಾಲರ್. 2000ದಲ್ಲಿ ಸೋನಿಯ ಪ್ಲೇಸ್ಟೇಷನ್ 2 ಬಂದಿತು. 2001ರ ಆರಂಭದಲ್ಲಿ ಸೆಗಾ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿ, ಬೆಲೆಯನ್ನು 99 ಡಾಲರಿಗೆ ಇಳಿಸಿತು. ಯಂತ್ರ ಕೆಟ್ಟಿರಲಿಲ್ಲ, ಮೌಲ್ಯ ಕುಸಿದಿತ್ತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಎಲೆಕ್ಟ್ರಾನಿಕ್ಸ್ ಹಾಗೂ ಮೊಬೈಲ್ ವರ್ತಕರಿಗೂ ಈ ಪಾಠ ಅನ್ವಯಿಸುತ್ತದೆ. ಲೆಕ್ಕಪತ್ರ ಮಾನದಂಡ 2ರಂತೆ ಅಸಲು ಮತ್ತು ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದೇ ದಾಸ್ತಾನಿನ ಮೌಲ್ಯ.

ಉದಾಹರಣೆಗೆ, ತಲಾ ರೂ. 3,000ದಂತೆ ಕೊಂಡ 20 ಯಂತ್ರಗಳ ಅಸಲು ರೂ. 60,000. ಹೊಸ ಮಾದರಿ ಬಂದ ಮೇಲೆ ಒಂದರ ಮಾರಾಟ ಬೆಲೆ ರೂ. 2,200, ಮಾರಾಟದ ಖರ್ಚು ರೂ. 100 ಆದಲ್ಲಿ ದಾಸ್ತಾನಿನ ಮೌಲ್ಯ ರೂ. 42,000 ಮಾತ್ರ. ಅಸಲನ್ನೇ ತೋರಿಸಿದರೆ ಲಾಭ ರೂ. 18,000 ಹೆಚ್ಚಾಗಿ ಕಾಣುತ್ತದೆ. ಲೆಕ್ಕಪುಸ್ತಕದ ಆಧಾರದಲ್ಲಿ ತೆರಿಗೆ ಕಟ್ಟುವವರು ಬಾರದ ಲಾಭಕ್ಕೂ ತೆರಿಗೆ ತೆರಬೇಕಾಗುತ್ತದೆ. ಬ್ಯಾಂಕಿಗೆ ಸಲ್ಲಿಸುವ ದಾಸ್ತಾನು ಪಟ್ಟಿಯೂ ತಪ್ಪಾಗುತ್ತದೆ.

ಇಳಿದ ಬೆಲೆಗೆ ಮಾರಿದರೂ ಖರೀದಿಯ ಮೇಲಿನ ಜಿ.ಎಸ್.ಟಿ. ಜಮೆ ಉಳಿಯುತ್ತದೆ. ಸರಕನ್ನು ಪೂರ್ತಿ ವಜಾ ಮಾಡಿದರೆ ಅಥವಾ ಉಡುಗೊರೆಯಾಗಿ ಕೊಟ್ಟರೆ ಕಲಂ 17(5)(ಎಚ್) ಪ್ರಕಾರ ಆ ಜಮೆ ದೊರೆಯದು. ಆದುದರಿಂದ ಮಾರ್ಚ್ 31ಕ್ಕೆ ಮುನ್ನವೇ ಹಳೆಯ ಮಾದರಿಗಳನ್ನು ಬೇರೆಯಾಗಿ ಎಣಿಸಿ, ಬಂದ ಬೆಲೆಗೆ ಮಾರುವುದು ಲೇಸು.