ಕಾರಿಗೆ ದೋಣಿ ಕಟ್ಟಿದ ಲೆಕ್ಕ

ನಮ್ಮ ಬೀದರ ಸೀಮೆಯ ಬಜಾರುಗಳಲ್ಲಿ ಹಿಂದಿಯವರೂ ತೆಲುಗಿನವರೂ ಆಡುವ ಒಂದು ಮಾತುಂಟು: ದೋಣಿ ಒಮ್ಮೆ ಬಂಡಿಯ ಮೇಲೆ, ಬಂಡಿ ಒಮ್ಮೆ ದೋಣಿಯ ಮೇಲೆ. ಕಾಲಚಕ್ರ ತಿರುಗುವುದನ್ನು ಸೂಚಿಸಲು ಹಿರಿಯರು ಇದನ್ನು ಆಡುವರು. ನಾನು ಇಲ್ಲಿ ಬರೆಯಹೊರಟಿರುವುದು ಕಾಲಚಕ್ರದ ವಿಷಯವನ್ನಲ್ಲ, ನಿಜವಾಗಿಯೂ ಬಂಡಿಯೇರಿದ ಒಂದು ದೋಣಿಯ ವಿಷಯವನ್ನು. ಲಾರಿಯ ಹಂಗಿಲ್ಲದೆ, ಮನೆಯ ಕಾರಿನಿಂದಲೇ ಒಂದು ದೋಣಿಯನ್ನು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಎಳೆದು ತರಬಹುದೇ ಎಂಬುದು ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆ. ತರಬಹುದೆಂದು ಲೆಕ್ಕ ಹಾಕಿ ಹೇಳಿದವನು ನಾನೇ. ನನ್ನ ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಅದು ಅರ್ಧ ಲೆಕ್ಕವಾಗಿತ್ತು. ಉಳಿದರ್ಧವನ್ನು ಕಲಿತ ಬಗೆಯನ್ನು ಸಹಪಾಠಿಗಳ ಮುಂದಿಡಬಯಸುತ್ತೇನೆ. ಇತಿಹಾಸ ಓದುವವನಿಗೆ ಗಾಲಿ, ಅಚ್ಚುಗಳ ಉಸಾಬರಿ ಏಕೆಂದು ನಮ್ಮ ಅಧ್ಯಾಪಕರು ಕೇಳಿಯಾರು. ಲೇಖನ ಮುಗಿಯುವ ವೇಳೆಗೆ ಅವರು ನನ್ನನ್ನು ಕ್ಷಮಿಸುವರೆಂದು ನಂಬಿದ್ದೇನೆ.

ನಮ್ಮದು ದೋಣಿಗಳ ನಾಡಲ್ಲ. ಕಾರಂಜಾ ಉತ್ತರಕ್ಕೆ ಹರಿದು ಮಾಂಜರಾ ನದಿಯನ್ನು ಸೇರುತ್ತದೆ; ಮುಲ್ಲಾಮಾರಿ ದಕ್ಷಿಣದ ಕಡೆಗೆ ಹರಿದು ಕಾಗಿಣಾದ ಮೂಲಕ ಭೀಮೆಯ ಪಾಲಾಗುತ್ತದೆ. ಹೀಗೆ ಗೋದಾವರಿಗೂ ಕೃಷ್ಣೆಗೂ ನೀರು ಹಂಚುವ ದಿಣ್ಣೆಯ ಮೇಲೆ ಕುಳಿತವರು ನಾವು. ಹೊಳೆ ದಾಟುವ ಕಸುಬಿನ ಅಂಬಿಗರ ಚೌಡಯ್ಯನೂ ಕಲ್ಯಾಣದ ಶರಣರಲ್ಲಿ ಒಬ್ಬನು ನಿಜ. ಆದರೆ ಅವನು ಬಂದದ್ದು ತುಂಗಭದ್ರೆಯ ದಂಡೆಯಿಂದ. ಅಣೆಕಟ್ಟುಗಳು ಆದ ಮೇಲೆಯೇ ನಮ್ಮಲ್ಲಿ ಮೀನುಗಾರಿಕೆಗೆ ಅರ್ಥ ಬಂದಿತು. ಬಸವಕಲ್ಯಾಣ ತಾಲೂಕಿನ ಚುಳುಕಿ ನಾಲಾ ಜಲಾಶಯದಂಥ ಕಡೆಗಳಲ್ಲಿ ಥರ್ಮಾಕೋಲಿನ ತೆಪ್ಪದ ಮೇಲೆ ಕುಳಿತು ಬಲೆ ಬೀಸುವವರನ್ನು ನೀವು ನೋಡಿರಬಹುದು. ನಮ್ಮ ಕಾಕಾ ಅವರಲ್ಲೊಬ್ಬರು. ಗಾಳಿ ಎದ್ದ ದಿನ ತೆಪ್ಪ ಮಗುಚುವ ಭಯ. ಆದುದರಿಂದ ಒಂದು ಗಟ್ಟಿ ದೋಣಿ ಕೊಳ್ಳಬೇಕೆಂಬುದು ಅವರ ಬಹುದಿನದ ಆಸೆ.

ಹುಮನಾಬಾದಿನ ಬಳಿ 15 ಅಡಿ ಉದ್ದದ ಹಳೆಯ ಫೈಬರ್ ದೋಣಿಯೊಂದು ಮಾರಾಟಕ್ಕಿದೆ ಎಂಬ ಸುದ್ದಿ ಬಂದಿತು. ಜೊತೆಗೆ ಅದರದೇ ಎರಡು ಗಾಲಿಯ ಟ್ರೇಲರು, ಒಂದು ಇಂಜಿನು. ದೂರ ಸುಮಾರು 30 ಕಿಲೋಮೀಟರು. ಲಾರಿಯವನು ಕೇಳಿದ ಬಾಡಿಗೆಗೆ ಕಾಕಾರ ಮುಖ ಬಾಡಿತು. ಮನೆಯಲ್ಲಿ ಹಳೆಯ ಕಾರೊಂದು ಇದ್ದಿತು. “ಇದು ಎಳೀತದೇನೋ?” ಎಂದು ನನ್ನನ್ನು ಕೇಳಿದರು. ಕಾಲೇಜಿಗೆ ಹೋಗುವ ಹುಡುಗನಿಗೆ ಎಲ್ಲವೂ ತಿಳಿದಿರುತ್ತದೆಂಬ ಭ್ರಮೆ ಹಳ್ಳಿಯ ಮನೆಗಳಲ್ಲಿ ಇನ್ನೂ ಇದೆ. ಆ ಭ್ರಮೆಯನ್ನು ಕಳೆಯುವ ಮನಸ್ಸು ನನಗೂ ಇರಲಿಲ್ಲ.

ನಾನು ಹಾಕಿದ ಲೆಕ್ಕ ಹೀಗಿತ್ತು. ಟ್ರೇಲರು 200 ಕಿಲೋ, ಬರಿದೋಣಿ 225 ಕಿಲೋ, ಇಂಜಿನು 50 ಕಿಲೋ, ಬಲೆ, ಹಗ್ಗ, ಪೆಟ್ರೋಲಿನ ಡಬ್ಬ ಸೇರಿ 25 ಕಿಲೋ, ಒಟ್ಟು 500. ರಬ್ಬರಿನ ಗಾಲಿ ಡಾಂಬರು ರಸ್ತೆಯ ಮೇಲೆ ಉರುಳುವಾಗ ಭಾರದ ನೂರಕ್ಕೆ ಸುಮಾರು ಒಂದೂವರೆ ಪಾಲಿನಷ್ಟು ತಡೆ ಒಡ್ಡುತ್ತದೆ. ಎಂದರೆ ಸಮನೆಲದಲ್ಲಿ ಈ 500 ಕಿಲೋ ಎಳೆಯಲು ಬೇಕಾದ ಬಲ ಏಳೂವರೆ ಕಿಲೋ! ಬಾವಿಯಿಂದ ತುಂಬಿದ ಕೊಡ ಸೇದುವವನು ಇದಕ್ಕಿಂತ ಹೆಚ್ಚು ಎಳೆಯುತ್ತಾನೆ. 20 ಅಡಿಗೆ ಒಂದಡಿ ಏರುವ ದಿಣ್ಣೆಯಲ್ಲಿ ಭಾರದ ಇಪ್ಪತ್ತನೆಯ ಒಂದು ಪಾಲು, ಅಂದರೆ 25 ಕಿಲೋ ಕೂಡುತ್ತದೆ. ಒಟ್ಟು ಮೂವತ್ತೆರಡೂವರೆ. ಕಾರಿನ ಇಂಜಿನ್ನಿಗೆ ಇದೇನು ಮಹಾ? ಬ್ರಿಟನ್ನಿನ ನಿಯಮವೊಂದನ್ನೂ ಹುಡುಕಿ ತೆಗೆದೆ: ಸ್ವಂತ ಬ್ರೇಕಿಲ್ಲದ ಟ್ರೇಲರಿನ ತೂಕ ಕಾರಿನ ತೂಕದ ಅರ್ಧವನ್ನೂ 750 ಕಿಲೋವನ್ನೂ ಮೀರಬಾರದು. ನಮ್ಮ ಕಾರು 1100 ಕಿಲೋ, ಅದರರ್ಧ 550. ನಮ್ಮ ಭಾರ 500. ಗೆದ್ದೆವು!

ಇತಿಹಾಸದ ಸಾಕ್ಷಿಯನ್ನೂ ಕೊಟ್ಟೆ. ಸಿರಾಕ್ಯೂಸಿನ ಆರ್ಕಿಮಿಡೀಸನು ರಾಟೆಗಳನ್ನು ಜೋಡಿಸಿ ತುಂಬಿದ ಹಡಗನ್ನು ದಂಡೆಯ ಮೇಲೆ ಕುಳಿತೇ ಎಳೆದನೆಂದು ಪ್ಲುಟಾರ್ಕನು ಬರೆದಿದ್ದಾನೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಮುತ್ತಿಗೆಯಲ್ಲಿ ಎರಡನೆಯ ಮಹಮ್ಮದನು ಕೊಬ್ಬು ಸವರಿದ ದಿಮ್ಮಿಗಳ ಮೇಲೆ, ಎತ್ತುಗಳಿಂದಲೂ ಆಳುಗಳಿಂದಲೂ ತನ್ನ ಹಡಗುಗಳನ್ನು ಗುಡ್ಡ ದಾಟಿಸಿದನು. ಕಾಕಾ ಬಹಳ ಸಂತೋಷಪಟ್ಟರು. ಅವರಿಬ್ಬರೂ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗಲಿಲ್ಲವೆಂಬುದು ನಮಗೆ ಹೊಳೆಯಲಿಲ್ಲ.

ಹೊಳೆದದ್ದು ನಮ್ಮ ಮುತ್ಯಾ ಒಬ್ಬರಿಗೇ. ಅವರು ನಲವತ್ತು ವರ್ಷ ಎತ್ತಿನ ಬಂಡಿ ಹೊಡೆದವರು. ಹೊರಡುವ ಹಿಂದಿನ ರಾತ್ರಿ ಕಟ್ಟೆಯ ಮೇಲೆ ಕುಳಿತವರು ನನ್ನನ್ನು ಕರೆದು, “ಮೂಕಿ ಮ್ಯಾಲ ಭಾರ ಎಷ್ಟದ ತಮ್ಮಾ?” ಎಂದು ಕೇಳಿದರು. ಕಾರಿಗೆ ಮೂಕಿಯೂ ಇಲ್ಲ, ನೊಗವೂ ಇಲ್ಲ ಎಂದು ನಾನು ನಕ್ಕೆ. “ಹಿಂಭಾರ ಆಗದಂಗ ನೋಡ್ಕೋರಿ” ಎಂದಷ್ಟೇ ಹೇಳಿ ಸುಮ್ಮನಾದರು. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಡಿಸೆಂಬರದ ಒಂದು ಮಧ್ಯಾಹ್ನ ಹುಮನಾಬಾದು ಬಿಟ್ಟೆವು. ಇಂಜಿನ್ನನ್ನು ದೋಣಿಯ ಹಿಂತುದಿಗೆ, ಅದು ಇರಬೇಕಾದ ಜಾಗದಲ್ಲಿಯೇ, ಬಿಗಿದಿದ್ದೆವು. ಬಲೆ, ಹಗ್ಗ, ಡಬ್ಬಗಳನ್ನೂ ಅದರ ಪಕ್ಕಕ್ಕೆ ತುರುಕಿದ್ದೆವು. ಕಾರಿನ ಹಿಂದೆ ಒಂದು ಕಬ್ಬಿಣದ ಗುಂಡು. ಟ್ರೇಲರಿನ ಮೂತಿಯಲ್ಲಿ ಅದರ ಮೇಲೆ ಕೂಡುವ ಬಟ್ಟಲು. ಗುಂಡನ್ನು ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕೂಡಿಸಿದ್ದೆವು. ಸರಪಳಿ ಹಾಕಿರಲಿಲ್ಲ. ಹೈದರಾಬಾದು–ಪುಣೆಯ ಹೆದ್ದಾರಿ ಚೆನ್ನಾಗಿದೆ. ಮೊದಲ ಹತ್ತು ಕಿಲೋಮೀಟರು ದೋಣಿ ಸಾಧು ಹಸುವಿನಂತೆ ಹಿಂಬಾಲಿಸಿತು. ಕಾಕಾ ಹಾಡು ಗುನುಗಲಾರಂಭಿಸಿದರು.

ರಾಜೇಶ್ವರದ ಈಚೆಗೆ ಒಂದು ಸಣ್ಣ ಇಳಿಜಾರು. ವೇಗ 65ರ ಹತ್ತಿರ ಇದ್ದಿರಬೇಕು. ಪಕ್ಕದಿಂದ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿ ಹೋಯಿತು. ಅದರ ಗಾಳಿಗೆ ಟ್ರೇಲರು ಒಮ್ಮೆ ಎಡಕ್ಕೆ ಸರಿಯಿತು, ಬಳಿಕ ಬಲಕ್ಕೆ, ಮತ್ತೆ ಎಡಕ್ಕೆ, ಈ ಸಲ ಹೆಚ್ಚಾಗಿ. ಕಾರಿನ ಬಾಲವನ್ನು ಯಾರೋ ಹಿಡಿದು ಅಲ್ಲಾಡಿಸಿದಂತಾಯಿತು. ಕಾಕಾ ಗಾಬರಿಗೊಂಡು ಬ್ರೇಕು ಒತ್ತಿದರು. ಅಷ್ಟೇ. ಬಟ್ಟಲು ಗುಂಡಿನಿಂದ ಎಗರಿ, ದೋಣಿ ಟ್ರೇಲರು ಸಹಿತ ರಸ್ತೆ ಬಿಟ್ಟು ತೊಗರಿಯ ಹೊಲಕ್ಕೆ ನುಗ್ಗಿತು. ಬದುವಿನ ಮೇಲೆ ಮೂವರು ಹೆಂಗಸರು ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ದೋಣಿ ನಿಂತ ಜಾಗಕ್ಕೂ ಅವರಿಗೂ ನಡುವೆ ಇದ್ದದ್ದು ಇಪ್ಪತ್ತು ಹೆಜ್ಜೆ. ನಾನು ಆ ಮೇಲೆ ಎಣಿಸಿದೆ. ಅವರಲ್ಲೊಬ್ಬರು ನಮಗೇ ನೀರು ಕೊಟ್ಟು, “ಕೂಡ್ರಿ ಯಪ್ಪಾ, ಅಂಜಬ್ಯಾಡ್ರಿ” ಎಂದರು. ಕಾಕಾ ಒಂದು ಗಂಟೆ ಮಾತನಾಡಲಿಲ್ಲ.

ತಪ್ಪು ಎಲ್ಲಿ ಆಯಿತೆಂಬುದೇ ನಮ್ಮ ಪಾಠ. ಸನ್ನೆಕೋಲಿನ ನಿಯಮ ಬಲ್ಲವರಿಗೆ ಅದು ಕಷ್ಟವಲ್ಲ. ಟ್ರೇಲರಿನ ಅಚ್ಚೇ ಆನಿಕೆ. ಅಚ್ಚಿನಿಂದ ಮೂತಿಗೆ 3 ಮೀಟರು. ದೋಣಿಯ ಹಿಂತುದಿಗೆ 2 ಮೀಟರು. ಇಂಜಿನ್ನಿಲ್ಲದ ದೋಣಿ ಕುಳಿತಿದ್ದಾಗ ಮೂತಿಯ ಮೇಲೆ 50 ಕಿಲೋ ಭಾರ ಬೀಳುವಂತೆ ಮೊದಲಿನವರು ಹೊಂದಿಸಿದ್ದರು. ನಾವು ಹಿಂತುದಿಗೆ 50 ಕಿಲೋ ಇಂಜಿನು ಕಟ್ಟಿದೆವು. ಐವತ್ತನ್ನು ಎರಡರಿಂದ ಗುಣಿಸಿ ಮೂರರಿಂದ ಭಾಗಿಸಿರಿ: ಮೂತಿ 33 ಕಿಲೋದಷ್ಟು ಮೇಲೆದ್ದಿತು. ಬಲೆ, ಡಬ್ಬಗಳ 25 ಕಿಲೋ ಇನ್ನೂ 17 ಕಿಲೋ ಎತ್ತಿತು. ಐವತ್ತರಲ್ಲಿ ಐವತ್ತು ಹೋಯಿತು. ಮೂತಿಯ ಮೇಲೆ ಉಳಿದ ಭಾರ ಸರಿಯಾಗಿ ಸೊನ್ನೆ! ಇದನ್ನೇ ಮುತ್ಯಾ ಹಿಂಭಾರವೆಂದದ್ದು. ಬಂಡಿಯಲ್ಲಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತುಗಳ ಕೊರಳಿನ ಕಣ್ಣಿ ಬಿಗಿಯುತ್ತದೆ. ಎತ್ತು ನಿಂತುಬಿಡುತ್ತದೆ, ಬಂಡಿಯವನಿಗೆ ತಪ್ಪು ಒಡನೆ ತಿಳಿಯುತ್ತದೆ. ಕಾರಿಗೆ ಕೊರಳಿಲ್ಲ. ಅದು ಹೇಳುವುದಿಲ್ಲ.

ಹಿಂದೆ ಭಾರ ಹೆಚ್ಚಾದ ಟ್ರೇಲರು ಏಕೆ ಓಲಾಡುತ್ತದೆ? ಓಡುವ ಗಾಲಿಗಳನ್ನು ಯಾವುದೋ ಬಲ ಪಕ್ಕಕ್ಕೆ ತಳ್ಳಿದರೆ, ಗಾಲಿಗಳು ನೆಲವನ್ನು ಹಿಡಿದು ಟ್ರೇಲರನ್ನು ಮತ್ತೆ ನೇರಕ್ಕೆ ತರಲು ಯತ್ನಿಸುತ್ತವೆ. ಭಾರ ಅಚ್ಚಿನ ಮುಂದೆ ಇದ್ದರೆ ಓಲಾಟ ಬೇಗ ಸಾಯುತ್ತದೆ. ಭಾರ ಹಿಂದಕ್ಕೆ ಸರಿದು, ಅದೂ ತುದಿಯಲ್ಲಿ ಸೇರಿದ್ದರೆ, ಗಡಿಯಾರದ ಲೋಲಕದಂತೆ ಅದು ನೇರಕ್ಕೆ ಬಂದು ನಿಲ್ಲದೆ ಆಚೆಗೆ ದಾಟಿಹೋಗುತ್ತದೆ. ವೇಗ ಒಂದು ಮಿತಿಯ ಕೆಳಗಿದ್ದಾಗ ಪ್ರತಿ ಓಲಾಟ ಹಿಂದಿನದಕ್ಕಿಂತ ಚಿಕ್ಕದು. ಮಿತಿ ದಾಟಿದರೆ ಪ್ರತಿಯೊಂದೂ ಹಿಂದಿನದಕ್ಕಿಂತ ದೊಡ್ಡದು. ಮೊದಲ ಹತ್ತು ಕಿಲೋಮೀಟರು ಸಾಧುವಾಗಿದ್ದ ಹಸು ಇಳಿಜಾರಿನಲ್ಲಿ ಹಾಯಲು ಬಂದದ್ದು ಹೀಗೆ. ಮೂತಿಯ ಮೇಲೆ ಒಟ್ಟು ಭಾರದ ಹತ್ತನೆಯ ಒಂದು ಪಾಲು ಇರಬೇಕೆಂದು ಬಲ್ಲವರು ಹೇಳುತ್ತಾರೆ. ಬಹಳ ಹೆಚ್ಚಾದರೂ ಕೇಡೇ: ಕಬ್ಬಿನ ಕಾಲದಲ್ಲಿ ಎರಡು ಗಾಲಿಯ ಟ್ರಾಲಿಗೆ ಅಳತೆ ಮೀರಿ ಹೇರಿದಾಗ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟೇಳುವುದನ್ನು ನಮ್ಮ ರಸ್ತೆಗಳಲ್ಲಿ ಕಾಣದವರಾರು?

ಓಲಾಟ ಆರಂಭವಾದ ಮೇಲೆ ಮಾಡಬೇಕಾದದ್ದು ಒಂದೇ. ವೇಗವರ್ಧಕದಿಂದ ಕಾಲು ತೆಗೆದು, ಚಕ್ರವನ್ನು ನೇರವಾಗಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಡುವುದು. ಬ್ರೇಕು ಒತ್ತಿದರೆ ಹಿಂದಿನ ಭಾರ ಮುಂದಿನದನ್ನು ನೂಕುತ್ತದೆ. ವೇಗ ಹೆಚ್ಚಿಸಿದರೆ ನೇರವಾಗುತ್ತದೆಂದು ಕೆಲವರು ಹೇಳುವುದುಂಟು, ಅದನ್ನು ನಂಬಬೇಡಿರಿ.

ಇಷ್ಟಾದರೂ ಪಾಠದ ಇನ್ನೊಂದು ಭಾಗ ನನಗೆ ತಿಳಿದದ್ದು ಜನವರಿಯಲ್ಲಿ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ. ತೇರಿನ ಹಗ್ಗ ಹಿಡಿದವರನ್ನೇ ಎಲ್ಲರೂ ನೋಡುತ್ತಾರೆ. ಆ ದಿನ ನನ್ನ ಕಣ್ಣು ಗಾಲಿಯ ಪಕ್ಕದಲ್ಲಿ ಬಗ್ಗಿ ನಡೆಯುವವರ ಮೇಲೆ ಹೋಯಿತು. ಕೈಯಲ್ಲಿ ಮರದ ತುಂಡು. ತೇರು ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಅವರ ಕೈಯಲ್ಲಿ. ಎಳೆಯುವವರು ನೂರಾರು ಜನ, ನಿಲ್ಲಿಸುವವರು ಬೆರಳೆಣಿಕೆಯ ಮಂದಿ. ಆದರೂ ಜೀವಗಳು ಇರುವುದು ಈ ಕೆಲವರ ಕೈಯಲ್ಲೇ. ನನ್ನ ಲೆಕ್ಕದಲ್ಲಿ ಹಗ್ಗದವರು ಮಾತ್ರ ಇದ್ದರು.

ಮನೆಗೆ ಬಂದು ಮತ್ತೆ ಲೆಕ್ಕಕ್ಕೆ ಕುಳಿತೆ. ಒಣ ರಸ್ತೆಯ ಮೇಲೆ 60ರ ವೇಗದಲ್ಲಿ ಒಳ್ಳೆಯ ಗಾಲಿಗಳ ಕಾರು ಒಂಟಿಯಾಗಿದ್ದರೆ, ಬ್ರೇಕು ಹಿಡಿದ ಮೇಲೆ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. ಬ್ರೇಕಿಲ್ಲದ 500 ಕಿಲೋ ಹಿಂದೆ ಇದ್ದರೆ, ಅದೇ ನಾಲ್ಕು ಗಾಲಿಗಳ ಹಿಡಿತ 1100ರ ಬದಲು 1600 ಕಿಲೋವನ್ನು ನಿಲ್ಲಿಸಬೇಕು. ಸುಮಾರು 29 ಮೀಟರು ಬೇಕು. ಕಣ್ಣು ಕಂಡು ಕಾಲು ಒತ್ತುವ ಒಂದು ಸೆಕೆಂಡಿನಲ್ಲಿ ಸಾಗುವ 17 ಮೀಟರು ಬೇರೆ. ವೇಗವನ್ನು 40ಕ್ಕೆ ಇಳಿಸಿದರೆ 29 ಹೋಗಿ 13 ಆಗುತ್ತದೆ. ಲಾರಿಯ ಹೆಚ್ಚುಗಾರಿಕೆ ಇರುವುದು ಅದರ ಇಂಜಿನ್ನಿನಲ್ಲಿ ಅಲ್ಲ. 500 ಕಿಲೋ ದೋಣಿ ತುಂಬಿದ ಲಾರಿಗೆ ಹೊಟ್ಟೆ ತುಂಬುವುದೇ ಇಲ್ಲ. ನೂಕಿಸಿಕೊಳ್ಳದಷ್ಟು ತೂಕ, ದೊಡ್ಡ ಬ್ರೇಕು ಅದಕ್ಕಿವೆ. ದೋಣಿಯೂ ಅದರ ಮೈಮೇಲೆಯೇ ಕುಳಿತಿರುತ್ತದೆ, ಹಿಂದೆ ಬಾಲವಾಗಿ ಅಲ್ಲಾಡುವುದಿಲ್ಲ. ನಮ್ಮ ಪೂರ್ವಿಕರ ಹರಿಗೋಲು ಇನ್ನೂ ಜಾಣತನದ್ದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯಸನು ಕಂಡು ಬರೆದ ಬುಟ್ಟಿಯಾಕಾರದ ಆ ದೋಣಿಯನ್ನು ತಲೆಯ ಮೇಲೆ ಹೊತ್ತು ನಡೆದುಬಿಡಬಹುದು. ಎಳೆಯುವ ಪ್ರಶ್ನೆಯೇ ಇಲ್ಲ.

ದೋಣಿಯನ್ನು ಎರಡನೆಯ ಸಲ ತಂದಾಗ ಇಂಜಿನು, ಡಬ್ಬ, ಬಲೆ ಎಲ್ಲವೂ ಕಾರಿನೊಳಗೆ ಬಂದವು. ಅಡತಿ ಅಂಗಡಿಯ ತೂಕದ ಯಂತ್ರವನ್ನು ಕೇಳಿ ತಂದು, ಟ್ರೇಲರಿನ ಮೂತಿಯನ್ನು ಅದರ ಮೇಲಿಟ್ಟು ನೋಡಿದೆವು: 50 ಕಿಲೋ. ಬಟ್ಟಲಿನ ಚಿಲಕ ಬಿದ್ದಿದೆಯೇ ಎಂದು ಮೂತಿಯನ್ನು ಮೇಲೆತ್ತಿ ಪರೀಕ್ಷಿಸಿದೆವು. ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿಯಾಕಾರದಲ್ಲಿ ಕಟ್ಟಿದೆವು. ಬಟ್ಟಲು ಎಗರಿದರೂ ಮೂತಿ ನೆಲಕ್ಕೆ ಬೀಳದೆ ಅವುಗಳ ಮೇಲೆ ಕೂಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಅರ್ಥದಲ್ಲಿ ಟ್ರೇಲರೂ ಒಂದು ವಾಹನವೇ. ಅದಕ್ಕೂ ನೋಂದಣಿ ಬೇಕು. ಆ ಕಾಗದಗಳಿಗೆ ಹಿಡಿದ ದಿನಗಳ ಕತೆ ಇಲ್ಲಿ ಬೇಡ. ವೇಗ 40 ದಾಟಲಿಲ್ಲ. ಹಿಂದಿನ ಬಸ್ಸಿನವರು ಹಾರ್ನು ಹಾಕಿ ಹಾಕಿ ದಣಿದರು.

ನೀರಿಗಿಳಿಸುವಾಗ ಮಾತ್ರ ಕಾರಿಗೆ ರಜೆ ಕೊಟ್ಟೆವು. ದಂಡೆ ಏಳು ಅಡಿಗೆ ಒಂದಡಿಯಂತೆ ಇಳಿದಿದೆ. ಕಾರು ದೋಣಿಸಹಿತ ಕೆಳಗಿಳಿದರೆ ಮತ್ತೆ ಏರಲು 225 ಕಿಲೋಗೂ ಹೆಚ್ಚು ಬಲ ಬೇಕು. ನಮ್ಮ ಕಾರು ಓಡುವುದು ಮುಂದಿನ ಗಾಲಿಗಳಿಂದ. ಏರಿನಲ್ಲಿ ಅವುಗಳ ಮೇಲಿನ ಭಾರ ಹಿಂದಕ್ಕೆ ಸರಿಯುತ್ತದೆ. ಒದ್ದೆ ಮಣ್ಣಿನಲ್ಲಿ ಅವುಗಳ ಹಿಡಿತ 165 ಕಿಲೋ ದಾಟುವುದೂ ಸಂದೇಹ. ದೋಣಿ ತೇಲಿದ ಮೇಲೆಯೂ ಬರೀ ಟ್ರೇಲರಿನೊಡನೆ ಏರಲು 185 ಬೇಕು. ಆದುದರಿಂದ ಕಾರನ್ನು ಮೇಲೆಯೇ ನಿಲ್ಲಿಸಿ, ಟ್ರೇಲರಿಗೆ ಉದ್ದ ಹಗ್ಗ ಕಟ್ಟಿ, ಆರು ಜನ ನಿಧಾನವಾಗಿ ಸಡಿಲಿಸುತ್ತ ಇಳಿಸಿದೆವು. ಇಬ್ಬರು ಗಾಲಿಗಳ ಪಕ್ಕದಲ್ಲಿ ಮರದ ತುಂಡು ಹಿಡಿದು ನಡೆದರು. ಅವರಲ್ಲಿ ಒಬ್ಬನು ನಾನು.

ದೋಣಿಯ ಒಳಮೈಯಲ್ಲಿ, ಅಚ್ಚಿನ ನೇರಕ್ಕೆ, ಮುತ್ಯಾ ಕೆಂಪು ಬಣ್ಣದಿಂದ ಅಡ್ಡ ಗೆರೆಯೊಂದನ್ನು ಎಳೆಸಿದ್ದಾರೆ. ರಸ್ತೆಯಲ್ಲಿರುವಾಗ ಆ ಗೆರೆಯ ಹಿಂದೆ ಒಂದು ತಂಬಿಗೆಯನ್ನೂ ಇಡಕೂಡದೆಂದು ಅವರ ಅಪ್ಪಣೆ.